ನೆರಳಿನ ನಾಡೂ ನಿಸರ್ಗಚಿತ್ರವೂ

ಚಿಕ್ಕಮಗಳೂರಿನಿಂದ ಬಾಳೆಹೊನ್ನೂರಿನ ಕಡೆಗೆ ಹೋಗುವ ಹಾದಿಯಲ್ಲಿ ಆಲ್ದೂರನ್ನು ಸಮೀಪಿಸುತ್ತಿದ್ದಂತೆ ಇಕ್ಕೆಲಗಳಲ್ಲಿಯೂ ಕಾಫಿಯ ತೋಟಗಳು ಒತ್ತಿಬಂದು, ಸಿಲ್ವರ್ ಮರಗಳ ನೀಳವಾದ ಕಾಂಡಗಳೂ ಹಾಲುವಾಣ, ಅತ್ತಿ, ಹಲಸುಗಳ ಮೇಲ್ಕಟ್ಟೂ ಕೂಡಿ ಆಕಾಶವನ್ನು ತುಂಡುತುಂಡಾಗಿ ಒಡೆದುಬಿಡುವುದರಿಂದ, ಬಣ್ಣದ ಪೆಟ್ಟಿಗೆಯನ್ನು ಹೆಗಲಿಗೇರಿಸಿಕೊಂಡು ದೃಶ್ಯವನ್ನರಸಿ ಬಂದ ಚಿತ್ರಕಾರನಿಗೆ ದಿಗಂತವೆಂಬುದೇ ಸಿಕ್ಕುವುದಿಲ್ಲ. ಮೊದಲು ದಿಗಂತದ ಗೆರೆಯನ್ನೆಳೆದು ಉಳಿದುದನ್ನೆಲ್ಲ ಅದಕ್ಕೆ ಹೊಂದಿಸಬೇಕೆಂದು ಡ್ರಾಯಿಂಗ್ ಮೇಷ್ಟರು ಹೇಳಿಕೊಟ್ಟ ಪಾಠ ಇಲ್ಲಿ ಉಪಯೋಗಕ್ಕೆ ಬಾರದು. ಇಷ್ಟು ಚೆಲುವಾದ ಸೀಮೆ ನಮ್ಮ ನಿಸರ್ಗಚಿತ್ರಗಳ ಚರಿತ್ರೆಯಲ್ಲಿ ಅಷ್ಟು ತಡವಾಗಿ, ಅಷ್ಟು ವಿರಳವಾಗಿ ಕಾಣಿಸಿಕೊಂಡುದೇಕೆಂಬುದಕ್ಕೆ ಉತ್ತರವು ಆ ಪಾಠದ ಹುಟ್ಟಿನಲ್ಲಿಯೇ ಇದೆಯೆಂದು ನನ್ನ ಎಣಿಕೆ.

ಬಯಲಿನಲ್ಲಿ ಕುಳಿತು ಕಣ್ಣೆದುರಿನ ನೆಲವನ್ನು ಇದ್ದಂತೆಯೇ ಬರೆಯುವ ಅಭ್ಯಾಸವು ಕನ್ನಡನಾಡಿಗೆ ಬಂದುದು ದಂಡಿನ ಜೊತೆಯಲ್ಲಿ. ಇಂಗ್ಲೆಂಡಿನ ವೂಲಿಚ್ ಸೈನಿಕ ವಿದ್ಯಾಲಯದಲ್ಲಿ 1768ರಿಂದ ಮುಂದಕ್ಕೆ ಪಾಲ್ ಸ್ಯಾಂಡ್‌ಬಿಯಂತಹ ಹೆಸರಾಂತ ಜಲವರ್ಣಕಾರನೇ ಡ್ರಾಯಿಂಗ್ ಶಿಕ್ಷಕನಾಗಿದ್ದನು. ಶತ್ರುವಿನ ಕೋಟೆ, ಕಣಿವೆ, ಹೊಳೆಗಳನ್ನು ಅಳತೆ ತಪ್ಪದಂತೆ ಗುರುತಿಸಬಲ್ಲ ಕೈ ಅಧಿಕಾರಿಗೆ ಬೇಕೆಂಬುದು ಅಲ್ಲಿನವರ ಮತ. 1791ರಲ್ಲಿ ಕಾರ್ನ್‌ವಾಲಿಸನ ಸೈನ್ಯವು ಟಿಪ್ಪುವಿನ ಮೇಲೆ ನಡೆದುಬಂದಾಗ ರಾಬರ್ಟ್ ಹೋಮ್ ಎಂಬ ಚಿತ್ರಕಾರನು ಅದನ್ನು ಹಿಂಬಾಲಿಸಿ ಬಂದು, ತಾನು ಬರೆದ ಮೈಸೂರಿನ ನೋಟಗಳನ್ನು 1794ರಲ್ಲಿ ಪುಸ್ತಕವಾಗಿ ಹೊರಡಿಸಿದನು. 1792ರಲ್ಲಿ ಡೇನಿಯಲ್ ಮನೆತನದ ಇಬ್ಬರು ಚಿತ್ರಕಾರರೂ ಈ ಸೀಮೆಯಲ್ಲಿ ಸಂಚರಿಸಿದರು. ಇವರೆಲ್ಲರ ಕಣ್ಣಿಗೆ ಬಿದ್ದುದು ಸಾವನದುರ್ಗದಂತಹ ಬೋಳುಬಂಡೆಗಳು, ಕೋಟೆಕೊತ್ತಲಗಳು, ಫಿರಂಗಿಗೂ ಕುಂಚಕ್ಕೂ ಸಮಾನವಾಗಿ ಅನುಕೂಲವಾದ ಬಯಲುಸೀಮೆ. ದೂರದ ನೋಟ ಸಿಕ್ಕದ ದಟ್ಟಡವಿಯ ಮಲೆನಾಡನ್ನು ಅವರು ಬರೆಯಬೇಕಾದ ಕಾರಣವೇ ಇರಲಿಲ್ಲ.

ನಮ್ಮವರಾದರೋ ಅದಕ್ಕೆ ಬಹಳ ಮೊದಲೇ ಗಿಡಮರಗಳನ್ನು ಬೇರೆ ಕ್ರಮದಲ್ಲಿ ಕಂಡಿದ್ದರು. ಮೂಡಿಗೆರೆ ತಾಲ್ಲೂಕಿನ ಅಂಗಡಿಯಿಂದ, ಅಂದಿನ ಸೊಸೆವೂರಿನಿಂದ, ಕೆಳಗಿಳಿದು ಬಂದ ಹೊಯ್ಸಳರು ಬೇಲೂರಿನಲ್ಲಿ ನಿಲ್ಲಿಸಿದ ಮದನಿಕೆಯರ ತಲೆಯ ಮೇಲೆಲ್ಲ ಎಲೆಬಳ್ಳಿಗಳ ಚಪ್ಪರ ಹರಡಿದೆ. ದೂರದ ನೋಟವೆಂಬುದು ಅಲ್ಲಿಲ್ಲ. ಎಲ್ಲವೂ ಕೈಗೆಟುಕುವಷ್ಟು ಹತ್ತಿರ. ಆ ಚಪ್ಪರದಲ್ಲಿ ಮಲೆಯ ನೆರಳಿನ ನೆನಪಿದೆಯೆಂದರೆ ವಿದ್ವಾಂಸರು ನಕ್ಕಾರು, ನಗಲಿ.

ಮದರಾಸಿನಲ್ಲಿ 1850ರಲ್ಲಿ, ಕಲ್ಕತ್ತೆಯಲ್ಲಿ 1854ರಲ್ಲಿ, ಮುಂಬಯಿಯಲ್ಲಿ 1857ರಲ್ಲಿ ಹುಟ್ಟಿದ ಕಲಾಶಾಲೆಗಳ ಪಾಠಕ್ರಮವೇ ಕೆಲವು ದಶಕಗಳ ಮೇಲೆ ಮೈಸೂರು ಸೀಮೆಗೂ ಇಳಿಯಿತು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1913ರಲ್ಲಿ, ಮೈಸೂರಿನ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆ ತಲೆಯೆತ್ತಿತು, ಬೆಂಗಳೂರಿನಲ್ಲಿ ಎ. ಎನ್. ಸುಬ್ಬರಾಯರು 1919ರಲ್ಲಿ ‘ಕಲಾಮಂದಿರ’ವನ್ನು ಸ್ಥಾಪಿಸಿದರು. ಇಂತಹ ಶಾಲೆಗಳಲ್ಲಿ ಕಲಿತವರು ಲೋಯರ್, ಹೈಯರ್ ಎಂಬ ಪರೀಕ್ಷೆಗಳಿಗೆ ಮಕ್ಕಳನ್ನು ತಯಾರುಮಾಡುವ ಡ್ರಾಯಿಂಗ್ ಮೇಷ್ಟರುಗಳಾಗಿ ಊರೂರಿಗೆ ಹಂಚಿಹೋದರು. ವೂಲಿಚ್ಚಿನ ದಿಗಂತರೇಖೆಯು ಹೀಗೆ ಬಹುದೂರ ಸುತ್ತಿ ನಮ್ಮ ಪ್ರೌಢಶಾಲೆಯ ಕರಿಹಲಗೆಯನ್ನು ಮುಟ್ಟಿತು.

ಈ ಪಾಠವನ್ನು ಮೀರಿದವರಲ್ಲಿ ಮೊದಲು ನೆನೆಯಬೇಕಾದವರು ಕೆ. ವೆಂಕಟಪ್ಪನವರು. ಮೈಸೂರಿನ ಅರಮನೆಯ ಚಿತ್ರಗಾರರ ಮನೆತನದಲ್ಲಿ 1886ರಲ್ಲಿ ಹುಟ್ಟಿ, ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಶಿಷ್ಯರಾಗಿ ರಾಮಾಯಣದ ಚಿತ್ರಗಳನ್ನು ಬರೆದು ಹೆಸರು ಪಡೆದ ಇವರು, ಕಂಡುದನ್ನು ಮನಸ್ಸಿನಲ್ಲಿ ಕರಗಿಸಿಕೊಂಡು ಬರೆಯಬೇಕೆಂಬ ಗುರುವಿನ ಮತವನ್ನು ಬದಿಗಿರಿಸಿ, ಉದಕಮಂಡಲದ ಬೆಟ್ಟಗಳೆದುರು ನಿಂತು, ಮಳೆಗಾಲದ ಮೋಡ ಒಡೆಯುವುದನ್ನೂ ಬೆಳುದಿಂಗಳು ಕಣಿವೆಗೆ ಇಳಿಯುವುದನ್ನೂ ಜಲವರ್ಣದಲ್ಲಿ ಹಿಡಿದರು. ಮಂಜನ್ನು ಅಷ್ಟು ನಿಷ್ಠೆಯಿಂದ ಬರೆದ ಕನ್ನಡಿಗರು ಇನ್ನೊಬ್ಬರಿಲ್ಲವೆಂದೇ ಹೇಳಬೇಕು. ಆದರೆ ಅವರು ಹೋದುದು ನೀಲಗಿರಿಗೆ, ಬಾಬಾಬುಡನ್‌ಗಿರಿಯ ತಪ್ಪಲಿಗಲ್ಲ. ನೀಲಗಿರಿಯಲ್ಲಿ ಹುಲ್ಲುಬೆಟ್ಟಗಳ ತೆರೆದ ನೋಟವಿತ್ತು, ಸರೋವರವಿತ್ತು, ಆಂಗ್ಲರು ಮಾಡಿಟ್ಟ ದಾರಿಗಳಿದ್ದವು.

ಕಲಾಮಂದಿರದಲ್ಲಿ ಕಲಿತು ಸ್ವಾತಂತ್ರ್ಯದ ಹೋರಾಟಕ್ಕೆ ಧುಮುಕಿದ ರುಮಾಲೆ ಚನ್ನಬಸವಯ್ಯನವರು ಬಹು ವರ್ಷಗಳ ತರುವಾಯ ಮತ್ತೆ ಕುಂಚ ಹಿಡಿದು, ಬೆಂಗಳೂರಿನ ಹೂಬಿಟ್ಟ ಮರಗಳನ್ನು ಆ ಸ್ಥಳದಲ್ಲಿಯೇ ನಿಂತು ಬರೆದರು. ಅದೂ ಬಯಲಿನ ಬೆಳಕೇ. ಮಲೆನಾಡಾದರೋ ಮೊದಲು ತುಂಬಿಕೊಂಡುದು ಕನ್ನಡದ ಗದ್ಯದಲ್ಲಿ. 1933ರಲ್ಲಿಯೇ ಕುವೆಂಪು ಅವರ ‘ಮಲೆನಾಡಿನ ಚಿತ್ರಗಳು’ ಹೊರಬಂದಾಗ, ಆ ಹೆಸರಿಗೊಪ್ಪುವ ಬಣ್ಣದ ಚಿತ್ರಗಳನ್ನು ಯಾವ ಭಿತ್ತಿಯ ಮೇಲಾದರೂ ಹುಡುಕಬೇಕಾಗಿತ್ತು. ಚಿತ್ರದುರ್ಗದ ಬಿಸಿಲುಸೀಮೆಯಲ್ಲಿ ಹುಟ್ಟಿದ ಪಿ. ಆರ್. ತಿಪ್ಪೇಸ್ವಾಮಿಯವರು ಮುಂದೆ ಜಲವರ್ಣದ ತೆಳುಪಿನಲ್ಲಿ ಮಲೆನಾಡನ್ನು ಒಲಿಸಿಕೊಂಡರು. ‘ಚಂದಮಾಮ’ದ ಚಿತ್ರಗಳಿಂದ ಮನೆಮಾತಾಗಿದ್ದ ಎಂ. ಟಿ. ವಿ. ಆಚಾರ್ಯರು ಬೆಂಗಳೂರಿನಿಂದ ಅಂಚೆಯ ಮೂಲಕ ಚಿತ್ರಕಲೆಯನ್ನು ಕಲಿಸತೊಡಗಿದ ಮೇಲೆ, ಮೇಷ್ಟರಿಲ್ಲದ ಊರಿಗೂ ಪಾಠ ಲಕೋಟೆಯಲ್ಲಿ ಬರುವಂತಾಯಿತು.

ಆದರೂ ಈ ನೆಲ ಸುಲಭವಾಗಿ ವಶವಾಗತಕ್ಕದ್ದಲ್ಲ. ಜಲವರ್ಣದಲ್ಲಿ ಬಣ್ಣಗಳು ಒಂದರೊಳಗೊಂದು ಹರಿಯದಂತೆ ಬರೆಯಬೇಕಾದರೆ ಒಂದು ಲೇಪ ಒಣಗಿದಲ್ಲದೆ ಇನ್ನೊಂದನ್ನು ಹಾಕುವಂತಿಲ್ಲ. ಆಷಾಢ-ಶ್ರಾವಣಗಳ ಆಲ್ದೂರಿನಲ್ಲಿ ಅದು ಒಣಗುವುದೆಂತು? ಕಾಗದಕ್ಕೇ ಬೂಷ್ಟು ಹಿಡಿಯುತ್ತದೆ, ಕಾಲಿಗೆ ಇಂಬಳ ಹತ್ತುತ್ತದೆ. ದೀಪಾವಳಿ ಕಳೆದು ಬಿಸಿಲು ತಿಳಿಯಾಗುವ ಹೊತ್ತಿಗೆ ಕಾಫಿಯ ಕುಯ್ಲು ಮೊದಲಾಗಿ, ಊರಿನ ಮಕ್ಕಳುಮರಿಗಳೆಲ್ಲ ತೋಟ, ಕಣಗಳ ಪಾಲಾಗುತ್ತಾರೆ. ಮಳೆ ಹಿಡಿಯುವುದಕ್ಕೆ ಮುನ್ನ ಮರಗಸಿ ಮಾಡಿ ಕೊಂಬೆಗಳನ್ನು ಸವರಿದಾಗ ಮಾತ್ರ ತೋಟದೊಳಗೆ ಒಂದಿಷ್ಟು ಬೆಳಕು ಬೀಳುತ್ತದೆ. ಆ ಬೆಳಕೂ ದಿನದಿನಕ್ಕೆ ಬೇರೆ.

ಇನ್ನು ಕಾಫಿಯ ಹೂವಿನ ಮಾತು. ಹೂಮಳೆ ಬಿದ್ದು ಎಂಟು-ಹತ್ತು ದಿನಗಳಲ್ಲಿ ಇಡೀ ತೋಟ ಒಮ್ಮೆಲೇ ಬೆಳ್ಳಗಾಗುತ್ತದೆ. ಜಲವರ್ಣದಲ್ಲಿ ಬಿಳುಪೆಂದರೆ ಬಣ್ಣ ತಾಗಿಸದೆ ಉಳಿಸಿಕೊಂಡ ಕಾಗದ. ಆದುದರಿಂದ ಹೂವನ್ನು ಬರೆಯುವವನು ಹೂವನ್ನು ಮುಟ್ಟುವಂತೆಯೇ ಇಲ್ಲ, ಅದರ ಸುತ್ತಣ ಎಲೆಯ ಕಪ್ಪುಹಸುರನ್ನೂ ನೆರಳನ್ನೂ ತುಂಬುತ್ತ ಬಂದು, ಗೊಂಚಲು ತಾನಾಗಿ ಹೊರಗೆ ಕಾಣಿಸಿಕೊಳ್ಳುವಂತೆ ಮಾಡಬೇಕು. ನೆರಳನ್ನು ಮೊದಲು ಅರಿಯದೆ ಈ ಕೆಲಸ ಸಾಗದು. ಡ್ರಾಯಿಂಗ್ ಪರೀಕ್ಷೆಗೆ ಬೇಕಾಗದ ವಿದ್ಯೆ ಇದು. ಇದನ್ನು ಮಕ್ಕಳಿಗೆ ತೋಟದಲ್ಲಿಯೇ ನಿಲ್ಲಿಸಿ ಹೇಳಿಕೊಡೋಣವೆಂದರೆ, ಹೂ ಬಿಡುವ ಕಾಲವೂ ಶಾಲೆಯ ವಾರ್ಷಿಕ ಪರೀಕ್ಷೆಯ ಕಾಲವೂ ಒಂದೇ: ಮಾರ್ಚ್, ಏಪ್ರಿಲ್. ಮೇಷ್ಟರು ಕೊಠಡಿಯಲ್ಲಿ ಉತ್ತರಪತ್ರಿಕೆಗಳನ್ನು ಹಂಚುತ್ತಿರುತ್ತಾರೆ, ಹೂವಾದರೋ ಮೂರು-ನಾಲ್ಕು ದಿನಗಳಲ್ಲಿ ಕಂದಿಹೋಗುತ್ತದೆ.