ಉಬ್ಬಸದ ಮೇಷ್ಟ್ರು, ಹದಿನಾರು ಅಡಿ ಕೊಳವೆ

ಮದುವೆ ಮೆರವಣಿಗೆಯ ಬ್ಯಾಂಡ್ ಸೆಟ್ಟು ನೋಡಿದ್ದೀರಲ್ಲ? ಕ್ಲಾರಿನೆಟ್ಟು, ಟ್ರಂಪೆಟ್ಟಿನವರದ್ದೇ ಹಾಡು, ಇನಾಮೂ ಅವರಿಗೇ. ಹಿಂದೆಲ್ಲೋ ಒಬ್ಬ ದೊಡ್ಡ ಬಾಯಿಯ ಹಿತ್ತಾಳೆ ವಾದ್ಯ ತಬ್ಬಿಕೊಂಡು ಭೋಂ ಭೋಂ ಅಂತ ಊದುತ್ತಾ ಬರ್ತಾನೆ. ಅವನ ಮುಖ ಯಾರಿಗೂ ನೆನಪಿರಲ್ಲ.

ಆ ವಂಶದ ಹಿರಿಯಣ್ಣನೇ ಟ್ಯೂಬಾ. 1835ರಲ್ಲಿ ಪ್ರಷ್ಯಾದಲ್ಲಿ ಪೇಟೆಂಟ್ ಆದದ್ದು. ಆರ್ಕೆಸ್ಟ್ರಾದಲ್ಲಿ ಬಳಸುವ ಒಂದು ಬಗೆಯ ಟ್ಯೂಬಾದ ಸುರುಳಿ ಬಿಚ್ಚಿದರೆ ಸುಮಾರು ಹದಿನಾರು ಅಡಿ ಕೊಳವೆ! ಮಂದ್ರ ಸ್ವರವನ್ನು ಜೋರಾಗಿ ಊದಿದರೆ ಎದೆಯ ಗಾಳಿ ಕೆಲವೇ ಸೆಕೆಂಡಿಗೆ ಖಾಲಿ. ಇಂಥ ವಾದ್ಯದ ಅತಿ ದೊಡ್ಡ ಮೇಷ್ಟ್ರಿಗೆ ಆಸ್ತಮಾ ಇತ್ತು ಅಂದ್ರೆ ನಂಬ್ತೀರಾ?

ಅವರು ಆರ್ನಾಲ್ಡ್ ಜೇಕಬ್ಸ್. 1915ರಲ್ಲಿ ಫಿಲಡೆಲ್ಫಿಯಾದಲ್ಲಿ ಹುಟ್ಟಿ, ಹದಿನೈದನೇ ವಯಸ್ಸಿಗೇ ಅಲ್ಲಿನ ಕರ್ಟಿಸ್ ಸಂಗೀತ ಶಾಲೆಗೆ ಸ್ಕಾಲರ್‌ಶಿಪ್ ಮೇಲೆ ಸೇರಿದರು. ಇಂಡಿಯಾನಾಪೊಲಿಸ್, ಪಿಟ್ಸ್‌ಬರ್ಗ್ ಆರ್ಕೆಸ್ಟ್ರಾಗಳನ್ನು ದಾಟಿ 1944ರಲ್ಲಿ ಶಿಕಾಗೊ ಸಿಂಫನಿಗೆ ಬಂದವರು 1988ರವರೆಗೆ ಅಲ್ಲೇ ಇದ್ದರು. ಜತೆಗೆ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದಲ್ಲಿ ಪಾಠ.

ತನ್ನ ಉಸಿರೇ ಕಡಿಮೆ ಅಂತಾದಾಗ ಮನುಷ್ಯ ಉಸಿರನ್ನೇ ಓದೋಕೆ ಕೂತರು. ಅಂಗರಚನೆಯ ಪುಸ್ತಕ, ಶ್ವಾಸಕೋಶದ ಅಳತೆ ತೆಗೆಯುವ ಯಂತ್ರ ಎಲ್ಲಾ ಅವರ ಪಾಠದ ಕೋಣೆಯಲ್ಲಿ! ಆಪರೇಷನ್ ಆದವರಿಗೆ ಆಸ್ಪತ್ರೆಯಲ್ಲಿ ಚೆಂಡು ಎತ್ತೋಕೆ ಒಂದು ಪ್ಲಾಸ್ಟಿಕ್ ಡಬ್ಬಿ ಕೊಡ್ತಾರಲ್ಲ, ಕೊರೋನಾ ಕಾಲದಲ್ಲಿ ಮನೆಮನೆಗೂ ಬಂತಲ್ಲ, ಅಂಥವುಗಳನ್ನು ಅವರು ಶಿಷ್ಯರ ಕೈಗೆ ಕೊಟ್ಟು ಉಸಿರನ್ನು ಕಣ್ಣಿಗೆ ಕಾಣಿಸುತ್ತಿದ್ದರು.

ತಮಾಷೆ ಏನಂದ್ರೆ, ವಾದ್ಯ ಕೈಗೆ ತಗೊಂಡ ಕೂಡಲೇ ಅದನ್ನೆಲ್ಲಾ ಮರೆತುಬಿಡಿ ಅನ್ನೋದೂ ಅವರೇ. ಸ್ನಾಯು, ಹೊಟ್ಟೆ, ತುಟಿ ಯಾವುದನ್ನೂ ಯೋಚಿಸಬಾರದು. ಮೊದಲು ತಲೆಯೊಳಗೆ ಹಾಡಬೇಕು, ಗಾಳಿ ಬಿಡಬೇಕು, ಅಷ್ಟೇ. ‘ಹಾಡು ಮತ್ತು ಗಾಳಿ’ ಅನ್ನೋದೇ ಅವರ ಪಾಠದ ಹೆಸರಾಯಿತು.

ನನಗಿದು ಬೇಗ ಅರ್ಥ ಆಯ್ತು. ನಮ್ಮ ಅಲೀಪುರದಲ್ಲಿ ಮೊಹರಂ ದಿನ ನೌಹಾ ಹಾಡುವವರನ್ನು ಕೇಳಿದ್ದೇನೆ. ವಾದ್ಯ ಇಲ್ಲ, ಎದೆ ಬಡಿತವೇ ತಾಳ. ಅವರು ಉಸಿರು ಲೆಕ್ಕ ಹಾಕಿದ್ದನ್ನು ನಾನಂತೂ ಕಂಡಿಲ್ಲ. ಮುಂದಿನ ಸಾಲು ಮನಸ್ಸಲ್ಲಿರುತ್ತೆ, ಉಸಿರು ಅದರ ಹಿಂದೆ ಬರುತ್ತೆ.

ಜೇಕಬ್ಸ್ ಊದುತ್ತಿದ್ದ ಯಾರ್ಕ್ ಕಂಪನಿಯ ಟ್ಯೂಬಾವನ್ನು ಅಳತೆ ಹಿಡಿದು ನಕಲು ಮಾಡಿದ ಕಂಪನಿಗಳಿವೆ. ಅದಕ್ಕಿಂತ ನನಗೆ ಹಿಡಿಸಿದ್ದು ಬೇರೆ: ಆರ್ಕೆಸ್ಟ್ರಾದಿಂದ ನಿವೃತ್ತರಾದ ಮೇಲೂ ಶಿಕಾಗೊದ ತಮ್ಮ ಕೋಣೆಯಲ್ಲಿ ಪಾಠ ನಿಲ್ಲಿಸಲಿಲ್ಲ. ಟ್ರಂಪೆಟ್ಟಿನವರು, ಹಾರ್ನಿನವರು, ಕೊಳಲಿನವರು ಕೂಡಾ ಬರುತ್ತಿದ್ದರು, ಹಿಂದಿನ ಸಾಲಿನ ಈ ಭೋಂ ಭೋಂ ಮೇಷ್ಟ್ರ ಹತ್ತಿರ. 1998ರ ಅಕ್ಟೋಬರ್‌ನಲ್ಲಿ ಅವರು ತೀರಿಕೊಂಡರು.