ತೊಟ್ಟಿಯ ತಳದ ಕಾಣದ ಕೆಲಸಗಾರರು

ಹೊಸ ಗಾಜಿನ ತೊಟ್ಟಿ ತಂದು, ಬಣ್ಣದ ಕಲ್ಲು ಹಾಸಿ, ನಲ್ಲಿಯ ತಿಳಿನೀರು ತುಂಬಿ, ಆರೆಂಟು ಮೀನು ಬಿಟ್ಟ ಮನೆಗಳಲ್ಲಿ ಒಂದೇ ಕತೆ ಮತ್ತೆ ಮತ್ತೆ ನಡೆಯುತ್ತದೆ. ಮೊದಲ ವಾರ ಮಕ್ಕಳಿಗೆ ಸಂಭ್ರಮ. ಎರಡನೆಯ ವಾರ ಮೀನುಗಳು ಮೇಲಕ್ಕೆ ಬಂದು ಬಾಯಿ ಬಿಡತೊಡಗುತ್ತವೆ. ಮೂರನೆಯ ವಾರ ಒಂದೊಂದಾಗಿ ತೇಲುತ್ತವೆ. ಮನೆಯವರು ಅಂಗಡಿಯವನನ್ನು ಬೈಯುತ್ತಾರೆ. ಇಲ್ಲವೇ ನಮ್ಮ ಕೈಗುಣವೇ ಸರಿಯಿಲ್ಲ ಎಂದು ತೊಟ್ಟಿಯನ್ನು ಅಟ್ಟಕ್ಕೆ ಸೇರಿಸುತ್ತಾರೆ.

ನೀರು ಕನ್ನಡಿಯಂತೆ ತಿಳಿಯಾಗಿಯೇ ಇತ್ತು. ಊಟವನ್ನೂ ತಪ್ಪದೆ ಹಾಕಲಾಗಿತ್ತು. ಹಾಗಾದರೆ ಮೀನು ಸತ್ತದ್ದು ಏಕೆ? ಈ ಪ್ರಶ್ನೆಗೆ ಪೂರ್ಣ ಉತ್ತರ ಸಿಗಲು ನೂರಕ್ಕೂ ಹೆಚ್ಚು ವರ್ಷ ಬೇಕಾಯಿತು. ಉತ್ತರದ ಒಂದು ಅರ್ಧವನ್ನು ಕಂಡುಕೊಂಡವನು ಲಂಡನ್ನಿನ ಒಬ್ಬ ರಸಾಯನಶಾಸ್ತ್ರಜ್ಞ. ಉಳಿದ ಅರ್ಧದ ಶೋಧದಲ್ಲಿ ದೊಡ್ಡ ಪಾಲು ಅವನ ಮಗನದು. ವಿಚಿತ್ರವೆಂದರೆ, ಮಗ ಹುಡುಕಿದ್ದು ನೀರಿನಲ್ಲಲ್ಲ, ಹೊಲದ ಮಣ್ಣಿನಲ್ಲಿ.

ಬಟ್ಟಲಿನಿಂದ ತೊಟ್ಟಿಗೆ

ಅಲಂಕಾರಕ್ಕಾಗಿ ಮೀನು ಸಾಕುವ ಹವ್ಯಾಸ ಬಹಳ ಹಳೆಯದು. ಚೀನಾದವರು ಸುಮಾರು ಸಾವಿರ ವರ್ಷಗಳ ಹಿಂದೆಯೇ ಕೊಳಗಳಲ್ಲಿ ಹೊಂಬಣ್ಣದ ಮೀನು ಸಾಕುತ್ತಿದ್ದರು. ಅವುಗಳನ್ನು ಮನೆಯೊಳಗೆ ಮಣ್ಣಿನ ಪಾತ್ರೆಗಳಲ್ಲಿ ಇಡುವ ರೂಢಿ ನಂತರ ಬಂತು. 17ನೆಯ ಶತಮಾನದಲ್ಲಿ ಈ ಗೋಲ್ಡ್‌ಫಿಶ್ ಯೂರೋಪನ್ನು ತಲುಪಿತು. ಅಲ್ಲಿ ಶ್ರೀಮಂತರ ಮನೆಗಳಲ್ಲಿ ಗಾಜಿನ ಬಟ್ಟಲು ಸೇರಿತು. ಬಟ್ಟಲಿನ ಮೀನನ್ನು ಉಳಿಸಿಕೊಳ್ಳಲು ಗೊತ್ತಿದ್ದ ಉಪಾಯ ಒಂದೇ: ಹಳೆ ನೀರು ಚೆಲ್ಲುವುದು, ಹೊಸ ನೀರು ತುಂಬುವುದು.

ನೀರು ಏಕೆ ಕೆಡುತ್ತದೆ ಎಂಬ ವಿಚಾರ 18ನೆಯ ಶತಮಾನದ ಕೊನೆಯಲ್ಲಿ ಸ್ವಲ್ಪ ತಿಳಿಯಾಯಿತು. ಉರಿಯುವ ದೀಪದಿಂದ ಕೆಟ್ಟ ಗಾಳಿಯನ್ನು ಪುದೀನದ ಗಿಡ ಮತ್ತೆ ಸರಿಪಡಿಸುತ್ತದೆ ಎಂದು ಜೋಸೆಫ್ ಪ್ರೀಸ್ಟ್ಲಿ 1771ರಲ್ಲಿ ಕಂಡರು. ಅದಕ್ಕೆ ಬೆಳಕು ಬೇಕು ಎಂದು ಯಾನ್ ಇಂಗೆನ್‌ಹೌಸ್ 1779ರಲ್ಲಿ ತೋರಿಸಿದರು. ಪ್ರಾಣಿ ಕೆಡಿಸಿದ್ದನ್ನು ಸಸ್ಯ ಸರಿಮಾಡುತ್ತದೆ ಎಂಬ ತತ್ವ ಹೀಗೆ ನೆಲೆಗೊಂಡಿತು. ಇದನ್ನು ಮುಚ್ಚಿದ ನೀರಿಗೆ ಅನ್ವಯಿಸುವುದಷ್ಟೇ ಬಾಕಿ ಇತ್ತು.

ಆ ದಾರಿಯಲ್ಲಿ ಮೊದಲು ನಡೆದವರಲ್ಲಿ ಇಬ್ಬರು ಮಹಿಳೆಯರಿದ್ದಾರೆ. ಫ್ರಾನ್ಸಿನ ಜೀನ್ ವಿಲ್‌ಪ್ರೂ ಪವರ್ 1832ರ ಸುಮಾರಿಗೆ ಸಿಸಿಲಿಯ ಮೆಸ್ಸಿನಾದಲ್ಲಿ ಗಾಜಿನ ತೊಟ್ಟಿಗಳನ್ನು ಮಾಡಿಸಿ ಸಮುದ್ರಜೀವಿಗಳನ್ನು ಇಟ್ಟು ಅಭ್ಯಾಸ ಮಾಡಿದರು. ಇಂಗ್ಲೆಂಡಿನ ಆ್ಯನಾ ಥಿನ್ 1846ರಲ್ಲಿ ಕಡಲ ತೀರದಿಂದ ಲಂಡನ್ನಿಗೆ ಹವಳದ ಜೀವಿಗಳನ್ನು ತಂದು ಸಾಕಿದರು. ನೀರಿಗೆ ಗಾಳಿ ಬೆರೆಯಲೆಂದು ಅವರ ಮನೆಯ ಕೆಲಸದಾಕೆ ತೆರೆದ ಕಿಟಕಿಯ ಬಳಿ ನಿಂತು, ನಮ್ಮಲ್ಲಿ ಕಾಫಿ ಆರಿಸುವಂತೆ, ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಸಮುದ್ರದ ನೀರನ್ನು ಸುರಿಯುತ್ತಿದ್ದಳು. ಇಂದಿನ ಗಾಳಿಯಂತ್ರ ಮಾಡುವ ಕೆಲಸ ಅದೇ.

ತಂದೆಯ ತೊಟ್ಟಿ

ರಾಬರ್ಟ್ ವಾರಿಂಗ್ಟನ್ ಲಂಡನ್ನಿನ ಔಷಧ ತಯಾರಕರ ಸಂಘದಲ್ಲಿ ರಸಾಯನಶಾಸ್ತ್ರಜ್ಞರಾಗಿದ್ದರು. 1849ರಲ್ಲಿ ಅವರು 12 ಗ್ಯಾಲನ್, ಅಂದರೆ ಸುಮಾರು 54 ಲೀಟರ್ ಹಿಡಿಯುವ ತೊಟ್ಟಿಯೊಂದನ್ನು ತೆಗೆದುಕೊಂಡರು. ತಳಕ್ಕೆ ಮರಳು, ಕೆಸರು, ಕಲ್ಲು ಹಾಕಿದರು. ವ್ಯಾಲಿಸ್ನೇರಿಯ ಎಂಬ ಜಲಸಸ್ಯ ನೆಟ್ಟು, ಎರಡೇ ಎರಡು ಚಿಕ್ಕ ಗೋಲ್ಡ್‌ಫಿಶ್ ಬಿಟ್ಟರು.

ಕೆಲಕಾಲ ಎಲ್ಲ ಚೆನ್ನಾಗಿತ್ತು. ಆಮೇಲೆ ಗಿಡದ ಹಳೆ ಎಲೆಗಳು ಕೊಳೆತು ನೀರು ಕದಡಿತು, ಗಾಜಿಗೆ ಪಾಚಿ ಹಿಡಿಯಿತು. ವಾರಿಂಗ್ಟನ್ ನೀರು ಚೆಲ್ಲಲಿಲ್ಲ. ಕೊಳಗಳಲ್ಲಿ ಕೊಳೆತದ್ದನ್ನು ತಿನ್ನುವವರು ಯಾರು ಎಂದು ಯೋಚಿಸಿದರು. ಐದಾರು ಬಸವನಹುಳುಗಳನ್ನು ತಂದು ಬಿಟ್ಟರು. ಹುಳುಗಳು ಕೊಳೆತ ಎಲೆ, ಪಾಚಿ ತಿಂದವು. ನೀರು ಮತ್ತೆ ತಿಳಿಯಾಯಿತು. ಹುಳುಗಳ ಮೊಟ್ಟೆ ಮೀನುಗಳಿಗೆ ಆಹಾರವಾಯಿತು. 1850ರಲ್ಲಿ ಅವರು ಈ ಪ್ರಯೋಗವನ್ನು ಲಂಡನ್ನಿನ ಕೆಮಿಕಲ್ ಸೊಸೈಟಿಯ ಮುಂದಿಟ್ಟರು. ಮೀನು, ಗಿಡ, ಹುಳು ಮೂರೂ ಸೇರಿದರೆ ನೀರು ಬದಲಿಸದೆಯೇ ತೊಟ್ಟಿ ನಡೆಯುತ್ತದೆ ಎಂಬ ‘ಸಮತೋಲನ’ದ ಸಿದ್ಧಾಂತ ಹುಟ್ಟಿದ್ದು ಹೀಗೆ.

ಕಾಲವೂ ಕೂಡಿಬಂದಿತ್ತು. ಬ್ರಿಟನ್ ಗಾಜಿನ ಮೇಲಿನ ಸುಂಕವನ್ನು 1845ರಲ್ಲೇ ತೆಗೆದಿತ್ತು. 1853ರಲ್ಲಿ ಲಂಡನ್ನಿನ ಮೃಗಾಲಯದಲ್ಲಿ ಜಗತ್ತಿನ ಮೊದಲ ಸಾರ್ವಜನಿಕ ಮತ್ಸ್ಯಾಗಾರ ತೆರೆಯಿತು. ಮರುವರ್ಷ ಫಿಲಿಪ್ ಹೆನ್ರಿ ಗಾಸ್ ಬರೆದ ‘ದಿ ಅಕ್ವೇರಿಯಂ’ ಪುಸ್ತಕ ಹೊರಬಂದು, ಆ ಹೆಸರೂ ಆ ಹವ್ಯಾಸವೂ ಮನೆಮನೆಗೆ ಹೋದವು. ಜನ ಕಡಲ ತೀರಕ್ಕೆ ಮುಗಿಬಿದ್ದು ಬಂಡೆಗಳ ನಡುವಿನ ನೀರುಗುಂಡಿಗಳನ್ನು ಬರಿದು ಮಾಡಿದರು. ಆ ಹಾನಿ ಕಂಡು ತನ್ನ ತಂದೆ ನೊಂದಿದ್ದನ್ನು ಗಾಸ್‌ನ ಮಗ ಎಡ್ಮಂಡ್ 1907ರ ತನ್ನ ‘ಫಾದರ್ ಅಂಡ್ ಸನ್’ ಕೃತಿಯಲ್ಲಿ ದಾಖಲಿಸಿದ್ದಾರೆ.

ಆದರೆ ಮನೆಗೆ ಬಂದ ಜೀವಿಗಳು ಉಳಿಯಲಿಲ್ಲ. ಹತ್ತರಲ್ಲಿ ಒಂಬತ್ತು ತೊಟ್ಟಿಗಳನ್ನು ಜನ ಕೈಬಿಟ್ಟರು ಎಂದು ಜೆ.ಜಿ. ವುಡ್ ಎಂಬ ಲೇಖಕ 1868ರಲ್ಲಿ ಬರೆದರು. ವಾರಿಂಗ್ಟನ್ ಹೇಳಿದಂತೆ ಗಿಡ ನೆಟ್ಟಿದ್ದರು, ಹುಳು ಬಿಟ್ಟಿದ್ದರು. ಅವರ ತೊಟ್ಟಿ ನಡೆದಿತ್ತು, ಇವರದು ನಡೆಯಲಿಲ್ಲ. ಎಲ್ಲಿಯೋ ಒಂದು ಕೊಂಡಿ ಕಳಚಿತ್ತು.

ಮಗನ ಮಣ್ಣು

ಮೀನಿನ ಕಿವಿರಿನಿಂದ, ಅದರ ಮಲದಿಂದ, ತಿನ್ನದೆ ಉಳಿದ ಆಹಾರದಿಂದ ಅಮೋನಿಯ ನೀರಿಗೆ ಸೇರುತ್ತದೆ. ಅದಕ್ಕೆ ಬಣ್ಣವಿಲ್ಲ. ನೀರು ತಿಳಿಯಾಗಿದ್ದಂತೆಯೇ ವಿಷವಾಗುತ್ತದೆ. ನದಿಯಲ್ಲಿ, ಕೆರೆಯಲ್ಲಿ ಅಪಾರ ನೀರಿದ್ದು ಅದು ಲೆಕ್ಕಕ್ಕೆ ಬರುವುದಿಲ್ಲ. ಚಿಕ್ಕ ತೊಟ್ಟಿಯಲ್ಲಿ ಕೆಲವೇ ದಿನಗಳಲ್ಲಿ ಕೊಲ್ಲುವ ಮಟ್ಟ ಮುಟ್ಟುತ್ತದೆ.

ಹಾಗಾದರೆ ಅಮೋನಿಯವನ್ನು ಇಲ್ಲವಾಗಿಸುವವರು ಯಾರು? ಈ ಪ್ರಶ್ನೆಯನ್ನು ಮೊದಲು ಎತ್ತಿಕೊಂಡವರು ಮೀನು ಸಾಕುವವರಲ್ಲ, ಕೃಷಿ ವಿಜ್ಞಾನಿಗಳು. ಹಟ್ಟಿಗೊಬ್ಬರದ ಅಮೋನಿಯ ಮಣ್ಣಿನಲ್ಲಿ ನೈಟ್ರೇಟ್ ಆಗಿ ಬೆಳೆಗೆ ಒದಗುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ಅದು ಬರೀ ರಾಸಾಯನಿಕ ಕ್ರಿಯೆ ಎಂದೇ ಹೆಚ್ಚಿನವರು ನಂಬಿದ್ದರು. 1877ರಲ್ಲಿ ಫ್ರಾನ್ಸಿನ ಶ್ಲೋಸಿಂಗ್ ಮತ್ತು ಮ್ಯೂಂಟ್ಸ್ ಮರಳು, ಸುಣ್ಣಕಲ್ಲು ತುಂಬಿದ ಕೊಳವೆಯ ಮೂಲಕ ಚರಂಡಿ ನೀರನ್ನು ನಿಧಾನವಾಗಿ ಹರಿಯಬಿಟ್ಟರು. ಸುಮಾರು 20 ದಿನ ಅಮೋನಿಯ ಬಂದಂತೆಯೇ ಹೊರಬಿತ್ತು. ಆಮೇಲೆ ಅದು ಮಾಯವಾಗಿ ನೈಟ್ರೇಟ್ ಕಾಣಿಸಿಕೊಂಡಿತು. ಕೊಳವೆಗೆ ಕ್ಲೋರೋಫಾರಂ ಬಿಟ್ಟಾಗ ಕ್ರಿಯೆ ನಿಂತಿತು. ಅಂದರೆ ಕೆಲಸ ಮಾಡುತ್ತಿದ್ದುದು ಜೀವಾಣುಗಳು. ಮೊದಲ 20 ದಿನ ಅವು ಬೆಳೆಯಲು ಹಿಡಿದ ಕಾಲ. ಹೊಸ ತೊಟ್ಟಿಯ ಮೀನು ಮೂರನೆಯ ವಾರದಲ್ಲಿ ಸಾಯುವುದರ ಗುಟ್ಟು ಈ ಕೊಳವೆಯಲ್ಲೇ ಇತ್ತು.

ಇಂಗ್ಲೆಂಡಿನ ರೊಥಾಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ ಇದನ್ನು ಕೂಡಲೇ ಕೈಗೆತ್ತಿಕೊಂಡವರ ಹೆಸರೂ ರಾಬರ್ಟ್ ವಾರಿಂಗ್ಟನ್. 1838ರಲ್ಲಿ ಹುಟ್ಟಿದ ಇವರು ತೊಟ್ಟಿಯ ವಾರಿಂಗ್ಟನ್ನರ ಮಗ. ತಂದೆ ಗೋಲ್ಡ್‌ಫಿಶ್ ಬಿಟ್ಟಾಗ ಹನ್ನೊಂದರ ಆಸುಪಾಸಿನ ಹುಡುಗ. ಚಿಟಿಕೆ ತೋಟದ ಮಣ್ಣು ಬೆರೆಸಿದರೆ ಅಮೋನಿಯದ ದ್ರಾವಣದಲ್ಲಿ ಕ್ರಿಯೆ ಶುರುವಾಗುತ್ತದೆ, ಬೆಳಕು ಅದಕ್ಕೆ ಅಡ್ಡಿ, ಅದು ಎರಡು ಹಂತಗಳಲ್ಲಿ ನಡೆಯುತ್ತದೆ ಎಂದು ಅವರು ತೋರಿಸಿದರು. ಮೊದಲ ಹಂತದಲ್ಲಿ ಅಮೋನಿಯ ನೈಟ್ರೈಟ್ ಆಗುತ್ತದೆ. ಅದೂ ಮೀನಿಗೆ ವಿಷವೇ. ಎರಡನೆಯದರಲ್ಲಿ ನೈಟ್ರೈಟ್ ಬಹುಮಟ್ಟಿಗೆ ನಿರಪಾಯಕರವಾದ ನೈಟ್ರೇಟ್ ಆಗುತ್ತದೆ. ಆ ಜೀವಾಣುವನ್ನು ಬೇರ್ಪಡಿಸಲು ಮಾತ್ರ ಅವರಿಗೆ ಸಾಧ್ಯವಾಗಲಿಲ್ಲ. ಅದನ್ನು 1890ರಲ್ಲಿ ಜ್ಯೂರಿಕ್‌ನಲ್ಲಿ ರಷ್ಯದ ಸೆರ್ಗೈ ವಿನೊಗ್ರಾಡ್‌ಸ್ಕಿ ಸಾಧಿಸಿದರು.

ತಂದೆಯ ತೊಟ್ಟಿ ನಡೆದದ್ದೇಕೆ ಎಂಬುದಕ್ಕೆ ಮಗನ ಮಣ್ಣು ಉತ್ತರ ಕೊಡುತ್ತದೆ. ತಳಕ್ಕೆ ಹಾಕಿದ ಕೆಸರಿನಲ್ಲೇ ಈ ಜೀವಾಣುಗಳಿದ್ದವು. 54 ಲೀಟರ್ ನೀರಿಗೆ ಇದ್ದುದು ಎರಡೇ ಚಿಕ್ಕ ಮೀನು. ಬೆಳೆಯುವ ಗಿಡವೂ ಒಂದಷ್ಟು ಅಮೋನಿಯ ಹೀರುತ್ತಿತ್ತು. ಅನುಕರಿಸಿದವರು ಕಣ್ಣಿಗೆ ಕಂಡದ್ದನ್ನು ಮಾತ್ರ ಅನುಕರಿಸಿದರು. ಕೆಸರು ತೊಳೆದರು, ಮೀನು ಹೆಚ್ಚಿಸಿದರು.

ತಡವಾಗಿ ಬಂದ ತಿಳಿವಳಿಕೆ

ಹೊಲದ ವಿಜ್ಞಾನ ತೊಟ್ಟಿಗೆ ಬರಲು ಇನ್ನೂ ಹಲವು ದಶಕ ಹಿಡಿಯಿತು. 20ನೆಯ ಶತಮಾನದ ಮೊದಲರ್ಧದಲ್ಲೂ ಕೈಪಿಡಿಗಳು ‘ಸಮತೋಲನ’ದ ಮಂತ್ರವನ್ನೇ ಜಪಿಸಿದವು. 1949ರಲ್ಲಿ ಅಮೆರಿಕದ ಜೇಮ್ಸ್ ಆಟ್ಜ್ ಅದನ್ನು ಮಿಥ್ಯೆ ಎಂದು ಕರೆದರು. ಮೀನಿಗೆ ಆಮ್ಲಜನಕ ಒದಗುವುದು ಮುಖ್ಯವಾಗಿ ನೀರಿನ ಮೇಲ್ಮೈಯಿಂದ, ಗಿಡದಿಂದಲ್ಲ ಎಂಬುದು ಅವರ ವಾದ. ಸ್ಟೀಫನ್ ಸ್ಪಾಟ್ ಅವರ 1970ರ ಪುಸ್ತಕ ತೊಟ್ಟಿಯ ಸೋಸುಕವನ್ನು ಜೀವಾಣುಗಳ ಮನೆ ಎಂದು ನೋಡುವುದನ್ನು ಕಲಿಸಿತು.

ಕತೆ ಅಲ್ಲಿಗೂ ಮುಗಿಯಲಿಲ್ಲ. ಅಮೋನಿಯವನ್ನು ಬಳಸುವ, ಬ್ಯಾಕ್ಟೀರಿಯಗಳಿಗಿಂತ ಬೇರೆಯೇ ಕುಲದ ಆರ್ಕಿಯ ಎಂಬ ಜೀವಾಣು 2005ರಲ್ಲಿ ಪ್ರತ್ಯೇಕವಾಗಿ ಸಿಕ್ಕಿದ್ದು ಅಮೆರಿಕದ ಸಿಯಾಟಲ್ ಮತ್ಸ್ಯಾಗಾರದ ತೊಟ್ಟಿಯಲ್ಲಿ. ಎರಡು ಹಂತವನ್ನೂ ಒಂದೇ ಜೀವಾಣು ಮುಗಿಸಬಲ್ಲದು ಎಂದು 2015ರಲ್ಲಿ ಗೊತ್ತಾದಾಗ, ಒಂದು ಸಾಕ್ಷ್ಯ ಮೀನು ಸಾಕಣೆಯ ಸೋಸುಕದಿಂದಲೇ ಬಂದಿತ್ತು.

ಈ ಚರಿತ್ರೆಯಿಂದ ಮನೆಯ ಚಿಕ್ಕ ತೊಟ್ಟಿಗೆ ಸಿಗುವ ಪಾಠಗಳು ಸರಳ. ಹಾಲು ಮೊಸರಾಗಲು ಹೆಪ್ಪು ಬೇಕಾದಂತೆ ಹೊಸ ತೊಟ್ಟಿಗೂ ಹೆಪ್ಪು ಬೇಕು. ಮೀನು ಆರೋಗ್ಯವಾಗಿರುವ ಹಳೆ ತೊಟ್ಟಿಯ ಹಿಡಿ ಮರಳೋ ಸೋಸುಕದ ಸ್ಪಂಜೋ ಆ ಕೆಲಸ ಮಾಡುತ್ತದೆ. ಮೊದಲ ಐದಾರು ವಾರ ಒಂದೆರಡು ಮೀನು ಸಾಕು. ಎರಡು ಮೂರು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಆಹಾರ ಹಾಕಬೇಕು. ವಾರಕ್ಕೊಮ್ಮೆ ಕಾಲುಭಾಗ ನೀರು ಬದಲಿಸಿದರೆ ಸಾಲುತ್ತದೆ. ಸ್ಪಂಜನ್ನು ತೊಟ್ಟಿಯಿಂದ ತೆಗೆದ ನೀರಿನಲ್ಲೇ ಜಾಲಾಡಬೇಕು. ನಲ್ಲಿಯ ಕ್ಲೋರಿನ್ ನೀರಿನಲ್ಲಿ ತೊಳೆದರೆ ಜೀವಾಣುಗಳು ಸಾಯುತ್ತವೆ. ‘ಚೆನ್ನಾಗಿ ತೊಳೆದ’ ಮೇಲೆ ಮೀನು ಸಾಯುವುದು ಇದರಿಂದಲೇ.

ನಮ್ಮ ಬಯಲುಸೀಮೆಯಲ್ಲಿ ಇನ್ನೊಂದು ಎಚ್ಚರ ಅಗತ್ಯ. ನೀರು ಬೆಚ್ಚಗಿದ್ದು ಕ್ಷಾರಗುಣ ಹೆಚ್ಚಿದ್ದಷ್ಟೂ ಅಮೋನಿಯದ ವಿಷ ತೀವ್ರ. ಕೊಳವೆಬಾವಿಯ ನೀರು ಬಳಸುವ ಮನೆಗಳಲ್ಲಿ ಬೇಸಿಗೆಯಲ್ಲಿ ಮೀನುಗಳ ಸಂಖ್ಯೆ ಇನ್ನೂ ಕಡಿಮೆ ಇರುವುದೇ ಕ್ಷೇಮ. ದುಂಡು ಬಟ್ಟಲಂತೂ ಗೋಲ್ಡ್‌ಫಿಶ್‌ಗೆ ಯಾವ ಕಾಲಕ್ಕೂ ಸಲ್ಲದು. ಅದು ಗೇಣುದ್ದಕ್ಕೂ ಬೆಳೆಯಬಲ್ಲ ಮೀನು.

ಅಟ್ಟ ಸೇರಿದ ತೊಟ್ಟಿಯನ್ನು ಕೆಳಗಿಳಿಸಲು ಕೈಗುಣ ಬದಲಾಗಬೇಕಿಲ್ಲ. ತಳದ ಮರಳಿಗೆ ಒಂದು ತಿಂಗಳ ಕಾಲಾವಕಾಶ ಕೊಟ್ಟರೆ ಸಾಕು.