ಬೆಕ್ಕಿನ ವೆಟ್ ಫುಡ್: ಪೊಟ್ಟಣದ ಮೇಲಿನ ವಿವರಗಳಿಂದ ಗುಣಮಟ್ಟವನ್ನು ತಿಳಿಯುವ ವಿಧಾನ

1. ಪೀಠಿಕೆ

ಸಾಕು ಬೆಕ್ಕುಗಳಿಗಾಗಿ ಸಣ್ಣ ಪೊಟ್ಟಣ ಅಥವಾ ಡಬ್ಬಿಗಳಲ್ಲಿ ಮಾರಾಟವಾಗುವ, ಗ್ರೇವಿ ಅಥವಾ ಜೆಲ್ಲಿಯೊಡನೆ ಕೂಡಿದ ಮೆತ್ತನೆಯ ಸಿದ್ಧ ಆಹಾರವನ್ನು ಮಾರುಕಟ್ಟೆಯಲ್ಲಿ ವೆಟ್ ಫುಡ್ ಎಂದು ಕರೆಯಲಾಗುತ್ತದೆ. ರಾಯಚೂರು ನಗರ, ದೇವಸುಗೂರು, ಶಕ್ತಿನಗರ, ದೇವದುರ್ಗ ಮತ್ತು ಮಾನ್ವಿಯಂತಹ ಸ್ಥಳಗಳ ಗ್ರಾಹಕರು ಇದನ್ನು ಅಂಗಡಿಗಳಲ್ಲಿ ಖರೀದಿಸುವುದಲ್ಲದೆ ಅಂತರ್ಜಾಲದ ಮೂಲಕವೂ ತರಿಸಿಕೊಳ್ಳುತ್ತಾರೆ.

ಪೊಟ್ಟಣದ ಮೇಲಿನ ಘೋಷಣೆಗಳು ಹಿಂದಿ ಅಥವಾ ಇಂಗ್ಲಿಷ್ ಭಾಷೆಯಲ್ಲಿದ್ದರೆ ಸಾಕೆಂದು ನಿಯಮವಿದೆ. ಇತರ ಭಾಷೆಗಳನ್ನು ಹೆಚ್ಚುವರಿಯಾಗಿ ಬಳಸಬಹುದು. ಆದುದರಿಂದ ಅನೇಕ ಪೊಟ್ಟಣಗಳಲ್ಲಿ ಕನ್ನಡದ ವಿವರಗಳು ಇರುವುದಿಲ್ಲ. ಲೇಬಲ್ಲಿನಲ್ಲಿ ಕಂಡುಬರುವ ಮುಖ್ಯ ಪದಗಳ ಅರ್ಥವನ್ನೂ, ಅಂಕಿಗಳನ್ನು ಹೋಲಿಸುವ ಕ್ರಮವನ್ನೂ ಸಾರ್ವಜನಿಕರ ತಿಳುವಳಿಕೆಗಾಗಿ ಇಲ್ಲಿ ನೀಡಲಾಗಿದೆ.

2. ಕಾನೂನಿನಂತೆ ಇರಲೇಬೇಕಾದ ವಿವರಗಳು

ಕಾನೂನು ಮಾಪನಶಾಸ್ತ್ರ ಅಧಿನಿಯಮ, 2009 ಹಾಗೂ ಪೊಟ್ಟಣ ಸಾಮಗ್ರಿಗಳ ನಿಯಮಗಳು, 2011ರ ಮೇರೆಗೆ ಚಿಲ್ಲರೆ ಮಾರಾಟದ ಪೊಟ್ಟಣದ ಮೇಲೆ ಈ ಕೆಳಕಂಡ ವಿವರಗಳು ಇರತಕ್ಕದ್ದು:

(ಅ) ತಯಾರಕರು, ಪೊಟ್ಟಣ ಮಾಡಿದವರು ಅಥವಾ ಆಮದುದಾರರ ಹೆಸರು ಮತ್ತು ವಿಳಾಸ
(ಆ) ಆಮದಾದ ಸಾಮಗ್ರಿಯಾದಲ್ಲಿ, ಅದು ತಯಾರಾದ ದೇಶದ ಹೆಸರು
(ಇ) ಸಾಮಗ್ರಿಯ ಸಾಮಾನ್ಯ ಹೆಸರು
(ಈ) ನಿವ್ವಳ ತೂಕ
(ಉ) ತಯಾರಿಸಿದ ತಿಂಗಳು ಮತ್ತು ವರ್ಷ
(ಊ) ಎಲ್ಲಾ ತೆರಿಗೆಗಳನ್ನು ಒಳಗೊಂಡ ಗರಿಷ್ಠ ಚಿಲ್ಲರೆ ಮಾರಾಟ ಬೆಲೆ
(ಋ) ಏಕಮಾನ ದರ; 1 ಕಿ.ಗ್ರಾಂ.ಗಿಂತ ಕಡಿಮೆ ತೂಕದ ಪೊಟ್ಟಣವಾದಲ್ಲಿ ಪ್ರತಿ ಗ್ರಾಂ.ಗೆ ತಗಲುವ ದರ
(ೠ) ಗ್ರಾಹಕರು ದೂರು ಸಲ್ಲಿಸಲು ಸಂಪರ್ಕ ವಿವರ

ಮೇಲ್ಕಂಡ ವಿವರಗಳು ತೂಕ, ಬೆಲೆ ಮತ್ತು ಹೊಣೆಗಾರಿಕೆಗೆ ಸಂಬಂಧಿಸಿದವುಗಳೇ ಹೊರತು ಪೌಷ್ಟಿಕತೆಗೆ ಸಂಬಂಧಿಸಿದವುಗಳಲ್ಲ. ಇವೆಲ್ಲವೂ ಸರಿಯಾಗಿದ್ದ ಮಾತ್ರಕ್ಕೆ ಆಹಾರವು ಬೆಕ್ಕಿಗೆ ಸಾಕಾಗುತ್ತದೆ ಎಂದು ಭಾವಿಸಲಾಗದು. ಪೌಷ್ಟಿಕತೆಯನ್ನು ತಿಳಿಯಲು ಪೊಟ್ಟಣದ ಹಿಂಭಾಗದ ಸಣ್ಣ ಅಕ್ಷರಗಳನ್ನು ಓದುವುದು ಅಗತ್ಯ.

ಅಂತರ್ಜಾಲದ ಮೂಲಕ ಖರೀದಿಸುವವರು ಒಂದು ಅಂಶವನ್ನು ವಿಶೇಷವಾಗಿ ಗಮನಿಸಬೇಕು. ಮಾರಾಟದ ಜಾಲತಾಣದಲ್ಲಿ ಮೇಲಿನ ವಿವರಗಳನ್ನು ಪ್ರದರ್ಶಿಸುವುದು ಕಡ್ಡಾಯವಾದರೂ, ತಯಾರಿಸಿದ ತಿಂಗಳು ಮತ್ತು ವರ್ಷಕ್ಕೆ ವಿನಾಯಿತಿ ಇದೆ. ಆದಕಾರಣ ಪೊಟ್ಟಣ ಕೈಸೇರಿದ ಕೂಡಲೇ ತಯಾರಿಕೆಯ ದಿನಾಂಕವನ್ನೂ, ಬಳಕೆಯ ಅವಧಿಯನ್ನೂ ಪರಿಶೀಲಿಸಿ, ಅವಧಿ ಮುಗಿದಿದ್ದಲ್ಲಿ ತೆರೆಯದೆ ಹಿಂದಿರುಗಿಸುವುದು ಸೂಕ್ತ.

3. ಮೊದಲು ನೋಡಬೇಕಾದ ಪದ: ‘ಕಂಪ್ಲೀಟ್’ ಅಥವಾ ‘ಕಾಂಪ್ಲಿಮೆಂಟರಿ’

ಈ ಎರಡು ಪದಗಳು ಉಚ್ಚಾರಣೆಯಲ್ಲಿ ಸಮೀಪವಾದರೂ ಅರ್ಥದಲ್ಲಿ ಬೇರೆ. ‘ಕಂಪ್ಲೀಟ್’ ಎಂದರೆ ಸಂಪೂರ್ಣ ಆಹಾರ. ಬೇರೇನನ್ನೂ ನೀಡದೆ ಪ್ರತಿದಿನ ಇದನ್ನೇ ಕೊಡಬಹುದಾದುದು. ‘ಕಾಂಪ್ಲಿಮೆಂಟರಿ’ ಎಂದರೆ ಪೂರಕ ಆಹಾರ. ಇತರ ಸಂಪೂರ್ಣ ಆಹಾರದ ಜೊತೆಗೆ ಸ್ವಲ್ಪವಾಗಿ ಕೊಡಬೇಕಾದುದು. ‘ಟ್ರೀಟ್’, ‘ಸ್ನ್ಯಾಕ್’ ಹಾಗೂ ‘ಟಾಪರ್’ ಎಂದು ಬರೆದಿರುವವೂ ಸಾಮಾನ್ಯವಾಗಿ ಪೂರಕ ವರ್ಗದವೇ ಆಗಿರುತ್ತವೆ.

ಪೂರಕ ಆಹಾರವನ್ನೇ ತಿಂಗಳುಗಟ್ಟಲೆ ಊಟವಾಗಿ ನೀಡಿದಲ್ಲಿ ಬೆಕ್ಕಿನ ಹೊಟ್ಟೆ ತುಂಬಿದರೂ ಅವಶ್ಯಕ ಪೋಷಕಾಂಶಗಳು ದೊರೆಯುವುದಿಲ್ಲ. ಇವುಗಳಲ್ಲಿ ಟಾರೀನ್ ಮುಖ್ಯವಾದುದು. ಮಾಂಸ ಮತ್ತು ಮೀನಿನಲ್ಲಿರುವ ಈ ಅಂಶವನ್ನು ಬೆಕ್ಕಿನ ದೇಹವು ಸಾಕಷ್ಟು ಪ್ರಮಾಣದಲ್ಲಿ ತಾನೇ ತಯಾರಿಸಿಕೊಳ್ಳಲಾರದು. ಇದರ ಕೊರತೆಯಿಂದ ಬೆಕ್ಕಿನ ಅಕ್ಷಿಪಟಲ ಹಾಳಾಗುವುದನ್ನು 1975ರಲ್ಲಿಯೂ, ಹೃದಯದ ಸ್ನಾಯು ದುರ್ಬಲವಾಗಿ ಹೃದಯವು ಹಿಗ್ಗುವ ಕಾಯಿಲೆ ಬರುವುದನ್ನು 1987ರಲ್ಲಿಯೂ ಅಮೆರಿಕದ ಸಂಶೋಧಕರು ಪ್ರಕಟಿಸಿದರು. ತದನಂತರ ತಯಾರಕರು ಸಿದ್ಧ ಆಹಾರದಲ್ಲಿ ಟಾರೀನ್ ಪ್ರಮಾಣವನ್ನು ಹೆಚ್ಚಿಸಿದರು. ಹೋದ ದೃಷ್ಟಿಯು ಮರಳಿ ಬರುವುದಿಲ್ಲವಾದುದರಿಂದ ಖರೀದಿಯ ಸಮಯದಲ್ಲಿಯೇ ಎಚ್ಚರ ವಹಿಸುವುದು ಅವಶ್ಯಕ.

ಅಮೆರಿಕದ ಪಶು ಆಹಾರ ನಿಯಂತ್ರಣಾಧಿಕಾರಿಗಳ ಸಂಘವಾದ ಆಫ್ಕೋ ನಿಗದಿಪಡಿಸಿದಂತೆ, ಡಬ್ಬಿಯಲ್ಲಿ ಬೇಯಿಸಿದ ಬೆಕ್ಕಿನ ಆಹಾರದ ಒಣ ಅಂಶದಲ್ಲಿ ಟಾರೀನ್ ಕನಿಷ್ಠ ಶೇ. 0.2 ಇರಬೇಕು. ಶೇ. 85 ನೀರಿರುವ ಪೊಟ್ಟಣದಲ್ಲಿ ಇದು ಶೇ. 0.03 ಆಗುತ್ತದೆ. ಸಂಪೂರ್ಣ ಆಹಾರವೆಂಬ ಹೇಳಿಕೆಯ ಜೊತೆಗೆ ಆಫ್ಕೋ ಅಥವಾ ಯುರೋಪಿನ ಫೆಡಿಯಾಫ್ ಮಾನದಂಡದ ಉಲ್ಲೇಖವಿದ್ದಲ್ಲಿ ಅದನ್ನು ಹೆಚ್ಚಿನ ಭರವಸೆಯಾಗಿ ಪರಿಗಣಿಸಬಹುದು. ಭಾರತೀಯ ಮಾನಕ ಬ್ಯೂರೋ ಸಹ ನಾಯಿ ಮತ್ತು ಬೆಕ್ಕುಗಳ ಆಹಾರಕ್ಕಾಗಿ ಐಎಸ್ 11968 ಎಂಬ ಮಾನಕವನ್ನು 2019ರಲ್ಲಿ ಪರಿಷ್ಕರಿಸಿ ಹೊರಡಿಸಿದೆ. ಪೊಟ್ಟಣದ ಮೇಲೆ ಐಎಸ್‌ಐ ಗುರುತು ಇದ್ದಲ್ಲಿ, ಅದರ ಕೆಳಗಿನ ಸಿಎಂ/ಎಲ್ ಸಂಖ್ಯೆಯನ್ನು ಬ್ಯೂರೋದ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಪರಿಶೀಲಿಸಬಹುದು.

ಇದಲ್ಲದೆ ಆಹಾರವು ಯಾವ ವಯಸ್ಸಿನ ಬೆಕ್ಕಿಗೆ ಎಂಬುದನ್ನೂ ನೋಡತಕ್ಕದ್ದು. ‘ಕಿಟನ್’ ಎಂದರೆ ಮರಿ, ‘ಅಡಲ್ಟ್’ ಎಂದರೆ ಬೆಳೆದ ಬೆಕ್ಕು, ‘ಆಲ್ ಲೈಫ್ ಸ್ಟೇಜಸ್’ ಎಂದರೆ ಎಲ್ಲ ವಯಸ್ಸಿನವು ಎಂದರ್ಥ. ಗರ್ಭಿಣಿ ಹಾಗೂ ಹಾಲುಣಿಸುವ ಬೆಕ್ಕಿಗೆ ಮರಿಗಳ ಆಹಾರವೇ ಸೂಕ್ತ. ನಾಯಿಯ ಆಹಾರವನ್ನು ಬೆಕ್ಕಿಗೆ ನಿತ್ಯದ ಊಟವಾಗಿ ನೀಡಬಾರದು.

4. ನೀರನ್ನು ಕಳೆದು ಹೋಲಿಸುವ ಕ್ರಮ

ಲೇಬಲ್ಲಿನಲ್ಲಿ ಶೇಕಡಾವಾರು ಅಂಕಿಗಳ ಒಂದು ಪಟ್ಟಿ ಇರುತ್ತದೆ. ‘ಕ್ರೂಡ್ ಪ್ರೋಟೀನ್’ ಎಂದರೆ ಒಟ್ಟು ಪ್ರೋಟೀನ್, ‘ಕ್ರೂಡ್ ಫ್ಯಾಟ್’ ಎಂದರೆ ಕೊಬ್ಬು, ‘ಕ್ರೂಡ್ ಫೈಬರ್’ ಎಂದರೆ ನಾರು, ‘ಆ್ಯಶ್’ ಎಂದರೆ ಬೂದಿ ಅಥವಾ ಖನಿಜಾಂಶ, ‘ಮಾಯಿಶ್ಚರ್’ ಎಂದರೆ ನೀರಿನ ಅಂಶ. ಒಣ ಕಾಳಿನಂತಹ ಆಹಾರದಲ್ಲಿ ಸಾಮಾನ್ಯವಾಗಿ ಶೇ. 10ರಷ್ಟು ನೀರಿದ್ದರೆ, ವೆಟ್ ಫುಡ್‌ನಲ್ಲಿ ಶೇ. 75ರಿಂದ 87ರವರೆಗೂ ಇರಬಹುದು. ಆದುದರಿಂದ ಪ್ರೋಟೀನ್ ಅಂಕಿಯನ್ನು ನೇರವಾಗಿ ಹೋಲಿಸಿದರೆ ತಪ್ಪು ತೀರ್ಮಾನವಾಗುತ್ತದೆ.

ಲೆಕ್ಕ ಮಾಡುವ ಕ್ರಮ: 100ರಿಂದ ನೀರಿನ ಶೇಕಡಾವನ್ನು ಕಳೆದರೆ ಒಣ ಅಂಶ ಸಿಗುತ್ತದೆ. ಪ್ರೋಟೀನ್ ಅಂಕಿಯನ್ನು ಒಣ ಅಂಶದಿಂದ ಭಾಗಿಸಿ 100ರಿಂದ ಗುಣಿಸಬೇಕು.

ಉದಾಹರಣೆಗೆ:

ಮೊದಲ ಪೊಟ್ಟಣ: ಪ್ರೋಟೀನ್ ಶೇ. 8, ನೀರು ಶೇ. 85. ಒಣ ಅಂಶ 15. ಒಣ ಅಂಶದಲ್ಲಿ ಪ್ರೋಟೀನ್ ಶೇ. 53.
ಎರಡನೆಯ ಪೊಟ್ಟಣ: ಪ್ರೋಟೀನ್ ಶೇ. 9, ನೀರು ಶೇ. 78. ಒಣ ಅಂಶ 22. ಒಣ ಅಂಶದಲ್ಲಿ ಪ್ರೋಟೀನ್ ಶೇ. 41.
ಒಣ ಆಹಾರ: ಪ್ರೋಟೀನ್ ಶೇ. 32, ನೀರು ಶೇ. 10. ಒಣ ಅಂಶ 90. ಒಣ ಅಂಶದಲ್ಲಿ ಪ್ರೋಟೀನ್ ಶೇ. 36.

ಲೇಬಲ್ಲಿನಲ್ಲಿ ಎಲ್ಲಕ್ಕಿಂತ ಕಡಿಮೆ ಅಂಕಿ ಇದ್ದ ಮೊದಲ ಪೊಟ್ಟಣವೇ ಪ್ರೋಟೀನ್ ಪ್ರಮಾಣದಲ್ಲಿ ಮುಂದಿರುವುದನ್ನು ಗಮನಿಸಬಹುದು. ಆಫ್ಕೋ ಪ್ರಕಾರ ಒಣ ಅಂಶದಲ್ಲಿ ಬೆಳೆದ ಬೆಕ್ಕಿಗೆ ಕನಿಷ್ಠ ಶೇ. 26, ಮರಿಗಳಿಗೆ ಶೇ. 30 ಪ್ರೋಟೀನ್ ಹಾಗೂ ಎರಡಕ್ಕೂ ಶೇ. 9 ಕೊಬ್ಬು ಇರಬೇಕು.

ಪಿಷ್ಟದ ಪ್ರಮಾಣವನ್ನು ಸಾಮಾನ್ಯವಾಗಿ ಮುದ್ರಿಸುವುದಿಲ್ಲ. ಪ್ರೋಟೀನ್, ಕೊಬ್ಬು, ನಾರು, ಬೂದಿ ಮತ್ತು ನೀರು ಇವುಗಳ ಮೊತ್ತವನ್ನು 100ರಿಂದ ಕಳೆದರೆ ಅದರ ಅಂದಾಜು ದೊರೆಯುತ್ತದೆ. ಮೇಲಿನ ಎರಡು ಪೊಟ್ಟಣಗಳಲ್ಲಿಯೂ ಕೊಬ್ಬು 3, ನಾರು 1, ಬೂದಿ 2 ಎಂದಿಟ್ಟುಕೊಂಡರೆ, ಮೊದಲನೆಯದರಲ್ಲಿ ಉಳಿಯುವುದು 1, ಎರಡನೆಯದರಲ್ಲಿ 7. ಅಂದರೆ ಎರಡನೆಯದರ ಒಣ ಅಂಶದಲ್ಲಿ ಸುಮಾರು ಮೂರನೇ ಒಂದು ಭಾಗ ಪಿಷ್ಟವೇ ಆಗಿದೆ. ಲೇಬಲ್ಲಿನ ಅಂಕಿಗಳು ಕನಿಷ್ಠ ಅಥವಾ ಗರಿಷ್ಠ ಮಿತಿಗಳಾಗಿರುವುದರಿಂದ ಈ ಲೆಕ್ಕವು ಅಂದಾಜು ಮಾತ್ರ.

5. ಪದಾರ್ಥಗಳ ಪಟ್ಟಿ

‘ಇಂಗ್ರೀಡಿಯೆಂಟ್ಸ್’ ಎಂಬ ಶೀರ್ಷಿಕೆಯಡಿ ಪದಾರ್ಥಗಳನ್ನು ತೂಕದ ಇಳಿಕೆಯ ಕ್ರಮದಲ್ಲಿ ಬರೆಯುವುದು ರೂಢಿ. ಮೊದಲ ಸ್ಥಾನಗಳಲ್ಲಿ ಕೋಳಿ, ಟ್ಯೂನಾ, ಬಂಗುಡೆ ಮುಂತಾಗಿ ಪ್ರಾಣಿಯ ಹೆಸರು ಸ್ಪಷ್ಟವಾಗಿದ್ದರೆ ಉತ್ತಮ. ಕೇವಲ ‘ಮೀಟ್’ ಎಂದಿದ್ದಲ್ಲಿ ಯಾವ ಪ್ರಾಣಿಯದೆಂದು ತಿಳಿಯದು. ‘ಬೈ-ಪ್ರಾಡಕ್ಟ್’ ಎಂಬ ಪದ ಕಂಡ ಕೂಡಲೇ ಕಳಪೆ ಎಂದು ಭಾವಿಸಬೇಕಿಲ್ಲ. ಪಿತ್ತಜನಕಾಂಗ, ಹೃದಯ ಮೊದಲಾದ ಒಳ ಅಂಗಗಳು ಬೆಕ್ಕಿಗೆ ಪೌಷ್ಟಿಕವೇ ಆಗಿವೆ.

ಪೊಟ್ಟಣದ ಮುಂಭಾಗದ ಹೆಸರನ್ನು ಎಚ್ಚರಿಕೆಯಿಂದ ಓದಬೇಕು. ಆಫ್ಕೋ ನಿಯಮದಂತೆ ‘ವಿತ್ ಚಿಕನ್’ ಎಂದು ಬರೆಯಲು ಶೇ. 3 ಕೋಳಿ ಮಾಂಸ ಸಾಕು, ಯುರೋಪಿನಲ್ಲಿ ಶೇ. 4. ‘ಚಿಕನ್ ಫ್ಲೇವರ್’ ಎಂದರೆ ರುಚಿ ಮಾತ್ರ. ಈ ನಿಯಮಗಳು ಭಾರತದ ಪೊಟ್ಟಣಗಳಿಗೆ ತಾವಾಗಿ ಅನ್ವಯಿಸುವುದಿಲ್ಲವಾದರೂ, ಮುಂಭಾಗದ ಚಿತ್ರದಲ್ಲಿ ಕಾಣುವ ಮೀನು ಒಳಗೆ ಎಷ್ಟಿದೆ ಎಂದು ಹಿಂಭಾಗದಲ್ಲಿ ನೋಡುವುದಕ್ಕೆ ಇವು ಸಾಕಷ್ಟು ಕಾರಣವಾಗಿವೆ. ‘ಪ್ರೀಮಿಯಂ’, ‘ಗೌರ್ಮೆ’ ಎಂಬ ಪದಗಳು ಪೌಷ್ಟಿಕತೆಯ ಅಳತೆಗಳಲ್ಲ.

ಸಸ್ಯಾಹಾರಿ ಕುಟುಂಬಗಳಲ್ಲಿ ಬೆಕ್ಕಿಗೆ ಹಾಲು, ಅನ್ನ ಮತ್ತು ರೊಟ್ಟಿಯನ್ನೇ ನೀಡುವುದುಂಟು. ಟಾರೀನ್ ಅಲ್ಲದೆ ಎ ಜೀವಸತ್ವವನ್ನೂ ಬೆಕ್ಕು ಪ್ರಾಣಿಜನ್ಯ ಆಹಾರದಿಂದಲೇ ಪಡೆಯಬೇಕು. ತರಕಾರಿಯ ವರ್ಣದ್ರವ್ಯವನ್ನು ಅದು ಎ ಜೀವಸತ್ವವಾಗಿ ಪರಿವರ್ತಿಸಿಕೊಳ್ಳಲಾರದು. ಮನೆಯಲ್ಲಿ ಮಾಂಸ, ಮೀನು ಬೇಯಿಸಲು ಇಚ್ಛಿಸದವರಿಗೆ ಸಂಪೂರ್ಣ ಆಹಾರವೆಂದು ಘೋಷಿಸಿದ ಪೊಟ್ಟಣವು ಒಂದು ಅನುಕೂಲವಾಗಿದೆ.

6. ಪ್ರೋಟೀನ್ ಅಂಕಿಯ ಮಿತಿ

ಪ್ರಯೋಗಾಲಯದಲ್ಲಿ ಸಾರಜನಕವನ್ನು ಅಳೆದು 6.25ರಿಂದ ಗುಣಿಸಿ ಪ್ರೋಟೀನ್ ಅಂಕಿಯನ್ನು ಪಡೆಯಲಾಗುತ್ತದೆ. ಆದುದರಿಂದ ಸಾರಜನಕವುಳ್ಳ ಬೇರಾವುದೇ ವಸ್ತುವೂ ಈ ಅಂಕಿಯನ್ನು ಹೆಚ್ಚಿಸಬಲ್ಲದು. 2007ರಲ್ಲಿ ಚೀನಾದಿಂದ ರಫ್ತಾದ ಗೋಧಿಯ ಅಂಟಿನಲ್ಲಿ ಮೆಲಮೈನ್ ಎಂಬ ಕೈಗಾರಿಕಾ ರಾಸಾಯನಿಕ ಬೆರೆತಿದ್ದು, ಅದನ್ನು ಬಳಸಿದ ವೆಟ್ ಫುಡ್ ತಿಂದ ಬೆಕ್ಕು ನಾಯಿಗಳು ಉತ್ತರ ಅಮೆರಿಕದಲ್ಲಿ ಮೂತ್ರಪಿಂಡ ವೈಫಲ್ಯದಿಂದ ಸತ್ತವು. ಅದೇ ವರ್ಷದ ಮಾರ್ಚ್ ತಿಂಗಳಿನಿಂದ ಹಲವು ಹೆಸರುಗಳ ಆಹಾರವನ್ನು ಮಾರುಕಟ್ಟೆಯಿಂದ ಹಿಂಪಡೆಯಲಾಯಿತು. ಇಂತಹ ಕಲಬೆರಕೆಯನ್ನು ಲೇಬಲ್ ನೋಡಿ ಪತ್ತೆ ಮಾಡಲಾಗದು. ಆದರೆ ಬ್ಯಾಚ್ ಸಂಖ್ಯೆ ಇದ್ದಲ್ಲಿ ದೋಷಪೂರಿತ ಸರಕನ್ನು ಗುರುತಿಸಬಹುದು. ಆದಕಾರಣ ಪೊಟ್ಟಣ ಖಾಲಿಯಾದ ನಂತರವೂ ಬ್ಯಾಚ್ ಸಂಖ್ಯೆಯಿರುವ ಭಾಗವನ್ನು ಬಿಲ್ಲಿನೊಡನೆ ಕೆಲವು ದಿನ ಇಟ್ಟುಕೊಳ್ಳುವುದು ಒಳ್ಳೆಯದು.

7. ವೆಚ್ಚದ ಹೋಲಿಕೆ

ಪೊಟ್ಟಣದ ಬೆಲೆಗಿಂತ ದಿನದ ವೆಚ್ಚವನ್ನು ಹೋಲಿಸುವುದು ಸರಿಯಾದ ಕ್ರಮ. ‘ಫೀಡಿಂಗ್ ಗೈಡ್’ ಎಂಬಲ್ಲಿ ಬೆಕ್ಕಿನ ತೂಕಕ್ಕೆ ತಕ್ಕಂತೆ ದಿನಕ್ಕೆ ಎಷ್ಟು ಪೊಟ್ಟಣ ಎಂದು ನಮೂದಿಸಿರುತ್ತಾರೆ. ಉದಾಹರಣೆಗೆ, ರೂ. 40ರ ಪೊಟ್ಟಣ ದಿನಕ್ಕೆ 4 ಬೇಕಾದಲ್ಲಿ ವೆಚ್ಚ ರೂ. 160, ರೂ. 50ರ ಪೊಟ್ಟಣ ದಿನಕ್ಕೆ 3 ಸಾಕಾದಲ್ಲಿ ರೂ. 150. ಇಷ್ಟು ವೆಚ್ಚವನ್ನು ಭರಿಸಲಾಗದವರು ಸಂಪೂರ್ಣ ಒಣ ಆಹಾರವನ್ನು ಮುಖ್ಯ ಊಟವಾಗಿಟ್ಟು, ಯಥೇಚ್ಛ ಕುಡಿಯುವ ನೀರಿನೊಡನೆ ವೆಟ್ ಫುಡ್ ಅನ್ನು ಸ್ವಲ್ಪ ಭಾಗವಾಗಿ ನೀಡಬಹುದು.

8. ಶೇಖರಣೆ

ಉಬ್ಬಿದ, ಸೋರುವ ಅಥವಾ ತುಕ್ಕು ಹಿಡಿದ ಪೊಟ್ಟಣ ಮತ್ತು ಡಬ್ಬಿಗಳನ್ನು ಖರೀದಿಸಬಾರದು. ಮನೆಯಲ್ಲಿ ಉಬ್ಬಿದ್ದು ಕಂಡುಬಂದಲ್ಲಿ ಬಳಸಬಾರದು. ರಾಯಚೂರು ಜಿಲ್ಲೆಯಲ್ಲಿ ಬೇಸಿಗೆಯ ಉಷ್ಣಾಂಶವು 40 ಡಿಗ್ರಿ ಸೆಲ್ಸಿಯಸ್ ದಾಟುವುದರಿಂದ, ತಟ್ಟೆಗೆ ಹಾಕಿದ ವೆಟ್ ಫುಡ್ ಅನ್ನು ಒಂದು ಗಂಟೆಗಿಂತ ಹೆಚ್ಚು ಕಾಲ ಹೊರಗೆ ಬಿಡದೆ ಉಳಿದುದನ್ನು ತೆಗೆಯತಕ್ಕದ್ದು. ತೆರೆದ ಪೊಟ್ಟಣದಲ್ಲಿ ಉಳಿದ ಭಾಗವನ್ನು ಮುಚ್ಚಿ ಫ್ರಿಜ್‌ನಲ್ಲಿಟ್ಟು ಮರುದಿನದೊಳಗೆ ಮುಗಿಸುವುದು.

9. ದೂರು ಮತ್ತು ಚಿಕಿತ್ಸೆ

(ಅ) ಗರಿಷ್ಠ ಬೆಲೆಗಿಂತ ಹೆಚ್ಚು ಹಣ ಪಡೆದಲ್ಲಿ, ತೂಕ ಕಡಿಮೆ ಇದ್ದಲ್ಲಿ ಅಥವಾ ಕಂಡಿಕೆ 2ರ ವಿವರಗಳು ಇಲ್ಲದಿದ್ದಲ್ಲಿ ಕಾನೂನು ಮಾಪನಶಾಸ್ತ್ರ ಇಲಾಖೆಯ ಕಚೇರಿಗೆ ಲಿಖಿತ ದೂರು ಸಲ್ಲಿಸಬಹುದು.

(ಆ) ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು.

(ಇ) ಗ್ರಾಹಕ ಸಂರಕ್ಷಣಾ ಅಧಿನಿಯಮ, 2019ರ ಮೇರೆಗೆ ಪರಿಹಾರ ಕೋರಿ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಸಲ್ಲಿಸಬಹುದು. ಅಂತರ್ಜಾಲದಲ್ಲಿ ಖರೀದಿಸಿದ್ದರೂ ಗ್ರಾಹಕರು ತಾವು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ ದೂರು ದಾಖಲಿಸಲು ಅವಕಾಶವಿದೆ. ಪಾವತಿಸಿದ ಮೊತ್ತ ರೂ. 5 ಲಕ್ಷದವರೆಗೆ ಇದ್ದಲ್ಲಿ ಶುಲ್ಕವಿಲ್ಲ. ಕಾರಣ ಉದ್ಭವಿಸಿದ 2 ವರ್ಷಗಳೊಳಗಾಗಿ ದೂರು ಸಲ್ಲಿಸತಕ್ಕದ್ದು.

(ಈ) ದೂರಿನೊಡನೆ ಬಿಲ್ಲು, ಪೊಟ್ಟಣದ ಎರಡೂ ಬದಿಯ ಛಾಯಾಚಿತ್ರ, ಬ್ಯಾಚ್ ಸಂಖ್ಯೆ ಹಾಗೂ ಬೆಕ್ಕಿಗೆ ಚಿಕಿತ್ಸೆ ಕೊಡಿಸಿದ್ದಲ್ಲಿ ಪಶುವೈದ್ಯರ ಚೀಟಿಯನ್ನು ಲಗತ್ತಿಸುವುದು.

(ಉ) ಆಹಾರ ಸೇವಿಸಿದ ನಂತರ ಬೆಕ್ಕು ಪದೇ ಪದೇ ವಾಂತಿ ಮಾಡಿದಲ್ಲಿ, ಮೂತ್ರ ವಿಸರ್ಜಿಸಲು ತಿಣುಕಿದಲ್ಲಿ, ಏದುಸಿರು ಬಿಟ್ಟಲ್ಲಿ ಅಥವಾ ಇಡೀ ದಿನ ಏನನ್ನೂ ತಿನ್ನದಿದ್ದಲ್ಲಿ ವಿಳಂಬ ಮಾಡದೆ ಸಮೀಪದ ಪಶು ಆಸ್ಪತ್ರೆಗೆ ಕರೆದೊಯ್ಯತಕ್ಕದ್ದು. ಸಂಚಾರಿ ಪಶು ಚಿಕಿತ್ಸಾ ಘಟಕದ ಸಹಾಯವಾಣಿ ಸಂಖ್ಯೆ 1962. ಮೂತ್ರಪಿಂಡ ಮತ್ತಿತರ ಕಾಯಿಲೆಗಳಿಗಾಗಿ ಮಾರಾಟವಾಗುವ ವಿಶೇಷ ಆಹಾರವನ್ನು ಪಶುವೈದ್ಯರ ಸಲಹೆಯಿಲ್ಲದೆ ಆರಂಭಿಸಬಾರದು.